ಫಾದರ್‌ಗೂ ಸೈಕಿಯಾಟ್ರಿ ಡಾಕ್ಟರಿಗೂ ಮಾತಿಲ್ಲ, ನಡುವೆ ಸಿಕ್ಕಿಕೊಂಡಿರುವುದು ನಾವು

ವಾರ್ಡ್_ಸಿಸ್ಟರ್ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡಿದ್ದೆ. ಬರೆಯುತ್ತಿರುವುದು ಇದೇ ಮೊದಲು. ಉದ್ದವಾದರೆ ಬೈಬೇಡಿ.

ನಾನು ಒಂದು ಮಿಷನ್ ಆಸ್ಪತ್ರೆಯ ಸೈಕಿಯಾಟ್ರಿ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಯಾವ ಊರು, ಯಾವ ಆಸ್ಪತ್ರೆ ಅಂತ ಕೇಳಬೇಡಿ. ಪೇಷೆಂಟ್ ವಿವರಗಳನ್ನೂ ಗುರುತು ಸಿಗದ ಹಾಗೆ ಬದಲಾಯಿಸಿದ್ದೇನೆ. ನಮ್ಮಲ್ಲಿ ಚಾಪ್ಲಿನ್ ಆಗಿ, ಅಂದರೆ ಪೇಷೆಂಟ್ ಪಕ್ಕ ಕೂತು ಧೈರ್ಯ ಹೇಳುವ ಆಸ್ಪತ್ರೆಯ ಧರ್ಮಗುರುವಾಗಿ, ಒಬ್ಬ ಫಾದರ್ ಇದ್ದಾರೆ. ಎಲ್ಲ ವಾರ್ಡಿಗೂ ಬರುತ್ತಾರೆ, ಯಾವ ಜಾತಿ ಯಾವ ಧರ್ಮ ಅಂತ ನೋಡದೆ ಮಾತಾಡಿಸುತ್ತಾರೆ.

ಕಳೆದ ತಿಂಗಳು ಐವತ್ತು ದಾಟಿದ ಒಬ್ಬ ಅಮ್ಮ ಅಡ್ಮಿಟ್ ಆದರು. ಹಿಂದೂ, ಹಳ್ಳಿಯವರು. ತೀವ್ರ ಡಿಪ್ರೆಶನ್. ಊಟ ಬಿಟ್ಟಿದ್ದರು. "ನಾನು ಅನ್ನ ಮುಟ್ಟಬಾರದು" ಅಂತ ಒಂದೇ ಮಾತು. ಡಾಕ್ಟರ್ ಅದನ್ನು ಪಾಪಪ್ರಜ್ಞೆಯ ಡೆಲ್ಯೂಷನ್ (ಕಾಯಿಲೆಯಿಂದ ಬರುವ ಗಟ್ಟಿಯಾದ ಸುಳ್ಳು ನಂಬಿಕೆ) ಅಂತ ಕೇಸ್ ಶೀಟಿನಲ್ಲಿ ಬರೆದರು. ಇಸಿಟಿ, ಅಂದರೆ ತಲೆಗೆ ಕರೆಂಟ್ ಕೊಡುವ ಚಿಕಿತ್ಸೆ, ಕೊಡುವ ಮಾತು ಶುರುವಾಯಿತು. ಫಾದರ್ ಮಾತ್ರ ದಿನಾ ಸಂಜೆ ಬಂದು ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದರು. ಮೂರು ದಿನ ಅಮ್ಮ ಬಾಯಿ ಬಿಡಲಿಲ್ಲ. ನಾಲ್ಕನೇ ದಿನ ಏನೋ ಹೇಳಿಕೊಂಡು ಅತ್ತರು. ಆಮೇಲೆ ಫಾದರ್ ಪಕ್ಕದಲ್ಲಿದ್ದರೆ ಅರ್ಧ ಲೋಟ ಗಂಜಿ ಕುಡಿಯಲು ಶುರು ಮಾಡಿದರು.

ವಿಷಯ ಏನಪ್ಪಾ ಅಂದರೆ, ಅಮ್ಮ ಮಗಳ ಸಲುವಾಗಿ ಊರ ದೇವರಿಗೆ ಅನ್ನ ಬಿಡುವ ಹರಕೆ ಹೊತ್ತಿದ್ದರು. ಅದರ ಹಿಂದೆ ಇನ್ನೊಂದು ಸಂಗತಿಯೂ ಇತ್ತಂತೆ. ಅದನ್ನು ಫಾದರ್ ಯಾರ ಹತ್ತಿರವೂ ಹೇಳಲಿಲ್ಲ. ಹರಕೆಯ ಮಾತು ಮಾತ್ರ ಹೇಗೋ ಆಯಾ ಕಿವಿಗೆ ಬಿದ್ದು ಅಲ್ಲಿಂದ ಡಾಕ್ಟರಿಗೆ ಹೋಯಿತು. ಡಾಕ್ಟರ್ ಕೆಂಡಾಮಂಡಲ. "ನನ್ನ ಪೇಷೆಂಟ್ ಯಾಕೆ ಊಟ ಬಿಟ್ಟಿದ್ದಾರೆ ಅನ್ನುವುದು ನನಗಿಂತ ಮೊದಲು ಆಯಾಗೆ ಗೊತ್ತಾಗಬೇಕಾ?" ಅಂದರು. ಫಾದರ್ "ನನ್ನನ್ನು ನಂಬಿ ಹೇಳಿದ್ದು, ನಿಮ್ಮ ಫೈಲಿಗೆ ಅಂತ ಹೇಳಿದ್ದಲ್ಲ" ಅಂದರು. ಇಬ್ಬರೂ ನರ್ಸಿಂಗ್ ಸ್ಟೇಷನ್ ಎದುರೇ.

ಈಗ ಡಾಕ್ಟರ್ ಬರೆದು ಕೊಡದೆ ಚಾಪ್ಲಿನ್ ವಾರ್ಡಿಗೆ ಬರಬಾರದು ಅಂತ ಆಗಿದೆ. ಡಾಕ್ಟರ್ ಬರೆಯುವುದಿಲ್ಲ. ಫಾದರ್ ಬರುವುದಿಲ್ಲ. ಅಮ್ಮ ಗಂಜಿ ನಿಲ್ಲಿಸಿದ್ದಾರೆ. ಮೂಗಿಗೆ ಟ್ಯೂಬ್ ಹಾಕುವ ಮಾತು ನಡೆಯುತ್ತಿದೆ.

ಬೇರೆ ಆಸ್ಪತ್ರೆಗಳಲ್ಲಿ ಇದನ್ನು ಹೇಗೆ ನಿಭಾಯಿಸುತ್ತಾರೆ? ಯಾರು ಯಾರಿಗೆ ಎಷ್ಟು ಹೇಳಬೇಕು?

ತಿಂಡಿಪೋತ

ಚಾಪ್ಲಿನ್ ಅಂದ ತಕ್ಷಣ ನನಗೆ ಕೋಲು, ಟೋಪಿ, ಪುಟ್ಟ ಮೀಸೆ ಕಣ್ಣಮುಂದೆ ಬಂತು. ಎರಡನೇ ಪ್ಯಾರಾದಲ್ಲಿ ಫಾದರ್ ಬಂದ ಮೇಲೆ ಗೊತ್ತಾಯಿತು. ಕ್ಷಮಿಸಿ ಸಿಸ್ಟರ್, ವಿಷಯ ಗಂಭೀರವೇ.

ಪಿಜಿ_ಗೋಳು

ಸೈಕಿಯಾಟ್ರಿ ಪಿಜಿ ಮಾಡುತ್ತಿದ್ದೇನೆ. ಎಲ್ಲರೂ ಈಗ ಡಾಕ್ಟರನ್ನು ಬೈಯುತ್ತೀರಿ ಅಂತ ಗೊತ್ತು, ಅದಕ್ಕೇ ಮೊದಲೇ ಬರೆದುಬಿಡುತ್ತೇನೆ.

ಪೇಷೆಂಟ್ ಊಟ ಬಿಟ್ಟಿದ್ದಾರೆ. ಕಾರಣ ಡೆಲ್ಯೂಷನ್ ಆದರೆ ಚಿಕಿತ್ಸೆ ಒಂದು ದಾರಿ. ಕಾರಣ ಹರಕೆ ಆದರೆ ದಾರಿ ಬೇರೆ. ಎರಡೂ ಸೇರಿದ್ದರೆ ಮೂರನೆಯದು. ಆ ಮಾಹಿತಿ ಕೈಯಲ್ಲಿ ಇಟ್ಟುಕೊಂಡು ಸುಮ್ಮನಿದ್ದವರು ಫಾದರ್. ಇಸಿಟಿ ಕೊಟ್ಟಿದ್ದರೆ? ತೀವ್ರ ಡಿಪ್ರೆಶನ್‌ನಲ್ಲಿ ಊಟ ನೀರು ಬಿಟ್ಟವರಿಗೆ ಇಸಿಟಿ ಜೀವ ಉಳಿಸುತ್ತದೆ, ಅದರ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಪೂರ್ತಿ ಚಿತ್ರ ಇಲ್ಲದೆ ಆ ತೀರ್ಮಾನಕ್ಕೆ ಬರುವುದು ಬೇರೆ ಮಾತು. ನಾಳೆ ಯಾರೋ "ಸಾಯಬೇಕು ಅಂತಿದ್ದೇನೆ" ಅಂತ ಫಾದರ್ ಹತ್ತಿರ ಹೇಳಿದರೆ ಅದೂ ಗುಟ್ಟೇ?

ಕೆಂಪುಮಣ್ಣು

@ಪಿಜಿ_ಗೋಳು ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಮಂಚದ ಮೇಲೆ ಮಲಗಿದವರ ಕಡೆಯಿಂದಲೂ ಒಂದು ಮಾತು ಕೇಳಿ.

ಆರು ವರ್ಷದ ಹಿಂದೆ ನಾನು 23 ದಿನ ಅಡ್ಮಿಟ್ ಆಗಿದ್ದೆ. ಆಸ್ಪತ್ರೆಯ ಹೆಸರು ಬೇಡ. ಡಾಕ್ಟರ್ ಒಳ್ಳೆಯವರು. ರೌಂಡ್ಸಿಗೆ ಬಂದರೆ ಹಿಂದೆ ಏಳೆಂಟು ಜನ. "ನಿದ್ದೆ ಆಯ್ತಾ? ಊಟ? ಬೇಡದ ಯೋಚನೆ?" ಮೂರು ಪ್ರಶ್ನೆ, ಮೂರು ನಿಮಿಷ, ಮುಂದಿನ ಮಂಚ. ಅಷ್ಟು ಜನರ ಮುಂದೆ ಯಾರು ಬಾಯಿ ಬಿಡುತ್ತಾರೆ? ಸಂಜೆ ಒಬ್ಬ ಪಾಸ್ಟರ್ ಬರುತ್ತಿದ್ದರು. ಕೂರುತ್ತಿದ್ದರು. ಏನನ್ನೂ ಕೇಳುತ್ತಿರಲಿಲ್ಲ. ಒಂದು ದಿನ ಕ್ರಿಕೆಟ್ ಬಗ್ಗೆ ಮಾತಾಡಿದೆವು, ಅಷ್ಟೇ. ನಾನು ದೇವರನ್ನು ನಂಬುವವನೂ ಅಲ್ಲ. ಆದರೂ ಮಾತ್ರೆ ಬಾಯಲ್ಲಿಟ್ಟುಕೊಂಡು ಆಮೇಲೆ ಉಗುಳುತ್ತಿದ್ದೇನೆ ಅನ್ನುವುದನ್ನು ಮೊದಲು ಹೇಳಿದ್ದು ಆ ಪಾಸ್ಟರಿಗೆ. ಅವರು "ಇದನ್ನು ಡಾಕ್ಟರಿಗೆ ನೀವೇ ಹೇಳುತ್ತೀರಾ, ನಾನು ಜೊತೆಗೆ ಬರಲಾ?" ಅಂದರು. ಜೊತೆಗೆ ಬಂದರು. ನಾನೇ ಹೇಳಿದೆ.

ವಾರ್ಡ್_ಸಿಸ್ಟರ್

@ಕೆಂಪುಮಣ್ಣು ಅಣ್ಣ, "ಜೊತೆಗೆ ಬರಲಾ" ಅನ್ನುವ ಮಾತು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ ನೋಡಿ.

ತರ್ಕಬದ್ಧ

ನನ್ನ ಪ್ರಶ್ನೆ ಸರಳ. ಆಸ್ಪತ್ರೆಯಲ್ಲಿ ಪಾದ್ರಿ, ಪೂಜಾರಿ, ಮೌಲ್ವಿಗೆ ಏನು ಕೆಲಸ? ಕೂತು ಮಾತಾಡುವವರು ಬೇಕು ಅಂದರೆ ಕೌನ್ಸೆಲರ್ ಇಡಿ. ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಇಡಿ. ಡಾಕ್ಟರಿಗೆ ಟೈಮ್ ಇಲ್ಲ ಅನ್ನುವ ತೂತಿಗೆ ದೇವರ ತೇಪೆ ಹಾಕುತ್ತಿದ್ದೀರಿ.

ಮೇಷ್ಟ್ರು_ನಿವೃತ್ತ

ತೇಪೆಯಾದರೂ ಇದೆಯಲ್ಲಾ ಮಾರಾಯರೇ. ಎಷ್ಟೋ ಕಡೆ ಬರೀ ತೂತು.

ತರ್ಕಬದ್ಧ

@ಮೇಷ್ಟ್ರು_ನಿವೃತ್ತ ಸರ್, ತೇಪೆ ಇದ್ದರೆ ಹೊಸ ಬಟ್ಟೆ ಯಾರೂ ಕೊಡಿಸುವುದಿಲ್ಲ. ಅದೇ ನನ್ನ ಸಿಟ್ಟು.

ಆಸ್ಪತ್ರೆ_ಸೋದರಿ

ನಾನು ಕನ್ಯಾಸ್ತ್ರೀ. ಹನ್ನೊಂದು ವರ್ಷದಿಂದ ಆಸ್ಪತ್ರೆಯಲ್ಲಿ ಇದೇ ಕೆಲಸ. ತರ್ಕಬದ್ಧ ಅವರ ಪ್ರಶ್ನೆ ನ್ಯಾಯವಾದದ್ದೇ. ನಮ್ಮಲ್ಲಿ ಎಷ್ಟೋ ಜನ ತರಬೇತಿ ಇಲ್ಲದೆ ಬರೀ ಪ್ರಾರ್ಥನೆ ಪುಸ್ತಕ ಹಿಡಿದುಕೊಂಡು ವಾರ್ಡಿಗೆ ಹೋಗುತ್ತಾರೆ. ಅದು ತಪ್ಪು.

ಆದರೆ ತರಬೇತಿ ಅಂತ ಒಂದು ಇದೆ. ಕ್ಲಿನಿಕಲ್ ಪಾಸ್ಟೋರಲ್ ಎಜುಕೇಶನ್, ನಾವು ಸಿಪಿಇ ಅನ್ನುತ್ತೇವೆ. ವೆಲ್ಲೂರಿನ ಸಿಎಂಸಿಯಲ್ಲಿ ಚಾಪ್ಲಿನ್‌ಗಳಿಗೆ ಅಂತಲೇ ಪ್ರತ್ಯೇಕ ವಿಭಾಗ ಇದೆ, ಅಲ್ಲಿ ಕಲಿಸುತ್ತಾರೆ. ಇದರ ಹುಟ್ಟು ಕೇಳಿದರೆ ಇಲ್ಲಿನ ಡಾಕ್ಟರುಗಳಿಗೂ ಆಶ್ಚರ್ಯ ಆಗಬಹುದು. ಅಮೆರಿಕದ ಆಂಟನ್ ಬಾಯ್ಸನ್ ಅನ್ನುವ ಪಾದ್ರಿಗೆ 1920ರಲ್ಲಿ ಬುದ್ಧಿಭ್ರಮಣೆ ಆಗಿ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ತಿಂಗಳುಗಟ್ಟಲೆ ಅಲ್ಲಿದ್ದರು. ಹುಷಾರಾಗಿ ಹೊರಬಂದ ಮೇಲೆ 1924ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಅವರೇ ಚಾಪ್ಲಿನ್ ಆದರು. ಮರುವರ್ಷ ಬೇಸಿಗೆಯಲ್ಲಿ ದೇವಶಾಸ್ತ್ರ ಓದುತ್ತಿದ್ದ ಬೆರಳೆಣಿಕೆಯ ವಿದ್ಯಾರ್ಥಿಗಳನ್ನು ಕರೆತಂದರು. ಹಗಲು ವಾರ್ಡ್ ಅಟೆಂಡರ್ ಕೆಲಸ, ಆಮೇಲೆ ಪಾಠ, ಚರ್ಚೆ. ಆ ಮೊದಲ ತಂಡದಲ್ಲಿದ್ದ ಹೆಲೆನ್ ಫ್ಲಾಂಡರ್ಸ್ ಡನ್‌ಬಾರ್ ಮುಂದೆ ತಾನೇ ಸೈಕಿಯಾಟ್ರಿಸ್ಟ್ ಆದರು. ಮನಸ್ಸಿನ ನೋವು ದೇಹದ ಕಾಯಿಲೆಯಾಗುವ ಬಗ್ಗೆ ಕೆಲಸ ಮಾಡಿದ ಮೊದಲಿಗರಲ್ಲಿ ಅವರೂ ಒಬ್ಬರು. ಅಂದರೆ ನಮ್ಮ ಈ ಕೆಲಸ ಹುಟ್ಟಿದ್ದೇ ಸೈಕಿಯಾಟ್ರಿ ವಾರ್ಡಿನಲ್ಲಿ, ಅದೂ ಒಬ್ಬ ಪೇಷೆಂಟ್‌ನಿಂದ.

ಸಿಪಿಇಯಲ್ಲಿ ನಮ್ಮನ್ನು ಹಿಂಡುವುದು ವರ್ಬೇಟಿಮ್. ಪೇಷೆಂಟ್ ಏನಂದರು, ನಾನು ಏನಂದೆ, ಎಲ್ಲಿ ಸುಮ್ಮನಾದೆ, ಎಲ್ಲ ನೆನಪಿಂದ ಬರೆದು ಗುಂಪಿನ ಮುಂದೆ ಓದಬೇಕು. "ಅವರು ಅಳುವಾಗ ನೀನು ಯಾಕೆ ಬೈಬಲ್ ತೆಗೆದೆ? ಅವರಿಗೆ ಬೇಕಿತ್ತಾ, ನಿನಗೆ ಭಯ ಆಗಿತ್ತಾ?" ಅಂತ ಕೇಳುತ್ತಾರೆ. ಮೊದಲ ಸಲ ನಾನು ಎದ್ದು ಹೊರಗೆ ಹೋಗಿ ಅತ್ತಿದ್ದೆ.

ಪಿಜಿ_ಗೋಳು

@ಆಸ್ಪತ್ರೆ_ಸೋದರಿ ಇದು ನಮಗೂ ಇದ್ದಿದ್ದರೆ! ನಮಗೆ ಕೇಸ್ ಪ್ರೆಸೆಂಟೇಶನ್‌ನಲ್ಲಿ ಕೇಳುವುದು "ಡೋಸ್ ಎಷ್ಟು" ಮಾತ್ರ. ಯಾಕೆ ಸುಮ್ಮನಾದೆ ಅಂತ ಯಾರೂ ಕೇಳಿಲ್ಲ.

ಕರಿಕೋಟು

ವಕೀಲ. ಎರಡು ವಿಷಯ ಬೇರೆ ಬೇರೆ ಮಾಡೋಣ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪೇಷೆಂಟ್ ಮಾಹಿತಿಯನ್ನು ಗುಟ್ಟಾಗಿ ಇಡಬೇಕು ಅನ್ನುತ್ತದೆ. ಚಿಕಿತ್ಸೆಗೆ ಬೇಕಾದಾಗ ಒಬ್ಬ ವೃತ್ತಿಪರ ಇನ್ನೊಬ್ಬ ವೃತ್ತಿಪರರಿಗೆ ಹೇಳಬಹುದು. ಜೀವಕ್ಕೆ ಅಪಾಯ ಇದ್ದಾಗಲೂ ಹೇಳಬಹುದು. ಆದರೆ ಆ ಸೆಕ್ಷನ್ ಮಾತಾಡುವುದು ಚಿಕಿತ್ಸೆ ಕೊಡುವ ಆರೋಗ್ಯ ವೃತ್ತಿಪರರ ಬಗ್ಗೆ. ಕಾಯ್ದೆಯಲ್ಲಿ ಮಾನಸಿಕ ಆರೋಗ್ಯ ವೃತ್ತಿಪರರು ಯಾರು ಅನ್ನುವ ಪಟ್ಟಿ ಇದೆ. ಚಾಪ್ಲಿನ್ ಅದರಲ್ಲಿ ಇಲ್ಲ. ಹಾಗಾಗಿ ಡಾಕ್ಟರ್ ಚಾಪ್ಲಿನ್‌ಗೆ ಹೇಳುವುದಕ್ಕೂ ಪೇಷೆಂಟ್ ಒಪ್ಪಿಗೆ ಇರುವುದು ಒಳ್ಳೆಯದು. ಇದನ್ನು ಯಾರೂ ಗಮನಿಸುವುದಿಲ್ಲ. ಎಲ್ಲರೂ ಫಾದರ್ ಯಾಕೆ ಹೇಳಲಿಲ್ಲ ಅಂತಲೇ ಕೇಳುತ್ತಾರೆ.

ಎರಡನೆಯದು ಪಾಪನಿವೇದನೆಯ ಗುಟ್ಟು. ಕ್ಯಾಥೊಲಿಕ್ ನಿಯಮದಲ್ಲಿ ಅದನ್ನು ಯಾವ ಕಾರಣಕ್ಕೂ ಬಿಚ್ಚುವ ಹಾಗಿಲ್ಲ. ಅದು ಸರಿ.

ಆಸ್ಪತ್ರೆ_ಸೋದರಿ

@ಕರಿಕೋಟು ಒಂದು ತಿದ್ದುಪಡಿ ಸರ್. ಪಾಪನಿವೇದನೆ ಸಂಸ್ಕಾರ ದೀಕ್ಷಾಸ್ನಾನ ಪಡೆದವರಿಗೆ ಮಾತ್ರ. ಆ ಅಮ್ಮ ಹಿಂದೂ. ಮಂಚದ ಪಕ್ಕ ಕೂತು ಕೇಳಿದ್ದು ಸಂಸ್ಕಾರವೇ ಅಲ್ಲ. ಹಾಗಾಗಿ ಪಾಪನಿವೇದನೆಯ ಗುಟ್ಟಿನ ಮುದ್ರೆ ಇಲ್ಲಿಗೆ ಬರುವುದಿಲ್ಲ. ಬರುವುದು ಸಾಮಾನ್ಯ ನಂಬಿಕೆಯ ಮಾತು. ಅದು ದೊಡ್ಡದೇ, ಆದರೆ ಅದಕ್ಕೆ ಬಾಗಿಲು ಇದೆ. ಫಾದರ್‌ಗೂ ಇದು ಗೊತ್ತಿರುತ್ತದೆ. ಸಿಟ್ಟಲ್ಲಿ ಎರಡನ್ನೂ ಕಲಸಿರಬಹುದು.

ಕರಿಕೋಟು

ಒಪ್ಪಿದೆ. ಇವತ್ತು ಕಲಿತೆ.

ನೇರನುಡಿ

ಎಲ್ಲರೂ ಬುದ್ಧಿವಂತರ ಹಾಗೆ ಮಾತಾಡುತ್ತಿದ್ದೀರಿ. ಹಿಂದೂ ಹೆಂಗಸಿನ ಮಂಚದ ಪಕ್ಕ ಫಾದರ್ ದಿನಾ ಯಾಕೆ ಕೂರಬೇಕು ಅಂತ ಒಬ್ಬರೂ ಕೇಳಲಿಲ್ಲ. ನನಗಂತೂ ಇದು ಎಲ್ಲಿಗೆ ಹೋಗುತ್ತೆ ಅಂತ ಗೊತ್ತು.

ವಾರ್ಡ್_ಸಿಸ್ಟರ್

@ನೇರನುಡಿ ಅವರೇ, ಆ ಅಮ್ಮನ ತಲೆದಿಂಬಿನ ಕೆಳಗೆ ಊರ ದೇವರ ಕುಂಕುಮದ ಪೊಟ್ಟಣ ಇದೆ. ಬೆಡ್‌ಶೀಟ್ ಬದಲಾಯಿಸುವಾಗ ಅದು ಕಳೆದುಹೋಗಿತ್ತು. ಕಸದ ಬುಟ್ಟಿಯಿಂದ ಹುಡುಕಿ ತಂದು ಕೊಟ್ಟಿದ್ದು ಆ ಫಾದರ್. ನನಗೆ ಗೊತ್ತಿರುವುದು ಇಷ್ಟು.

ನಿರ್ವಾಹಕ

ಮತಾಂತರದ ವಾಗ್ವಾದಕ್ಕೆ ಇಲ್ಲಿ ಜಾಗ ಇಲ್ಲ. ಆ ದಾರಿಯಲ್ಲಿ ಬಂದ ನಾಲ್ಕು ಪ್ರತಿಕ್ರಿಯೆ ತೆಗೆದಿದ್ದೇನೆ. ವಿಷಯಕ್ಕೆ ಬನ್ನಿ.

ಥೇಮ್ಸ್_ದಂಡೆ

ಮೈಸೂರಿನವನು, ಇಂಗ್ಲೆಂಡಿನಲ್ಲಿ ಸೈಕಿಯಾಟ್ರಿಸ್ಟ್. ಇಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಾಪ್ಲಿನ್ ಅಂದರೆ ಸಂಬಳದ ಹುದ್ದೆ. ಬರೀ ಪಾದ್ರಿಗಳಲ್ಲ. ಇಮಾಮ್ ಇದ್ದಾರೆ, ಹಿಂದೂ ಚಾಪ್ಲಿನ್ ಇದ್ದಾರೆ, ಯಾವ ದೇವರನ್ನೂ ನಂಬದವರೂ ಈ ತಂಡಗಳಲ್ಲಿ ಇದ್ದಾರೆ. ತರ್ಕಬದ್ಧ ಅವರಿಗೆ ಇದು ಸ್ವಲ್ಪ ಸಮಾಧಾನ ಕೊಡಬಹುದು.

ಇಲ್ಲೂ ಜಗಳ ಇಲ್ಲ ಅಂತಲ್ಲ. ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್‌ನಲ್ಲಿ ಆಧ್ಯಾತ್ಮದ ಬಗ್ಗೆ ಅಂತಲೇ ಒಂದು ಆಸಕ್ತರ ಗುಂಪು 1999ರಲ್ಲಿ ಶುರುವಾಯಿತು. ಆಮೇಲೆ ಕಾಲೇಜು ಸೈಕಿಯಾಟ್ರಿಸ್ಟರಿಗೆ ಒಂದು ಮಾರ್ಗಸೂಚಿಯನ್ನೂ ಮಾಡಿತು. ನಿನ್ನ ನಂಬಿಕೆಯನ್ನು ಪೇಷೆಂಟ್ ಮೇಲೆ ಹೇರಬೇಡ, ಅವರ ನಂಬಿಕೆಯನ್ನು ಬುಡಮೇಲು ಮಾಡಲೂ ಹೋಗಬೇಡ ಅನ್ನುವುದು ಅದರ ತಿರುಳು. ಪೇಷೆಂಟ್ ಜೊತೆ ಡಾಕ್ಟರ್ ಪ್ರಾರ್ಥನೆ ಮಾಡಬಹುದಾ ಅನ್ನುವ ಬಗ್ಗೆ ಇಲ್ಲಿನ ಪತ್ರಿಕೆಗಳಲ್ಲಿ ಸೈಕಿಯಾಟ್ರಿಸ್ಟರೇ ಕಿತ್ತಾಡಿದ್ದಾರೆ.

ನನಗೆ ಚಾಪ್ಲಿನ್ ಉಪಯೋಗಕ್ಕೆ ಬಂದಿದ್ದು ರೋಗ ಗುರುತಿಸುವ ಕೆಲಸದಲ್ಲಿ. ಒಂದು ನಂಬಿಕೆಯನ್ನು ಡೆಲ್ಯೂಷನ್ ಅನ್ನಬೇಕಾದರೆ ಅವರ ಸಮುದಾಯದಲ್ಲಿ ಅದು ಮಾಮೂಲಿ ನಂಬಿಕೆ ಆಗಿರಬಾರದು. ನನ್ನ ಬ್ರಿಟಿಷ್ ಸಹೋದ್ಯೋಗಿ ಒಬ್ಬರು "ಮೈಮೇಲೆ ದೇವಿ ಬರುತ್ತಾಳೆ" ಅಂದ ಒಬ್ಬ ಹೆಂಗಸಿಗೆ ಸ್ಕಿಜೋಫ್ರೇನಿಯಾ ಅಂತ ಬರೆಯಲು ಹೊರಟಿದ್ದರು. ನನಗೆ ನಮ್ಮೂರ ಜಾತ್ರೆ ನೆನಪಾಯಿತು, ತಡೆದೆ. ಆದರೆ ಜಿನ್ ಹಿಡಿದಿದೆ ಅನ್ನುವ ಹುಡುಗ ಬಂದಾಗ ನಾನೂ ಪೆದ್ದನೇ. ಇಮಾಮ್ ಬಂದು ಅರ್ಧ ಗಂಟೆ ಮಾತಾಡಿ, "ಜಿನ್ ಬಗ್ಗೆ ನಮ್ಮಲ್ಲಿ ನಂಬಿಕೆ ಇದೆ. ಆದರೆ ಈ ಹುಡುಗ ಹೇಳುವ ರೀತಿ ನಮ್ಮ ಯಾವ ನಂಬಿಕೆಗೂ ಕೂರುವುದಿಲ್ಲ. ಇದು ನಿಮ್ಮ ಇಲಾಖೆ ಡಾಕ್ಟರೇ" ಅಂದರು. ಅದಕ್ಕಿಂತ ಒಳ್ಳೆಯ ಸೆಕೆಂಡ್ ಒಪಿನಿಯನ್ ನನಗೆ ಸಿಕ್ಕಿಲ್ಲ.

ಯಾರು ಯಾರಿಗೆ ಎಷ್ಟು ಹೇಳಬೇಕು ಅಂತ ಸಿಸ್ಟರ್ ಕೇಳಿದ್ದರಲ್ಲ. ನಮ್ಮಲ್ಲಿ ಚಾಪ್ಲಿನ್ ಪೇಷೆಂಟ್ ದಾಖಲೆಯಲ್ಲಿ ಎರಡು ಸಾಲು ಬರೆಯುತ್ತಾರೆ. ಏನು ಮಾತಾಯಿತು ಅಂತಲ್ಲ. ಭೇಟಿ ಮಾಡಿದೆ, ಇಂಥದ್ದು ಬೇಕಾಗಿದೆ, ಇಂಥದ್ದರ ಬಗ್ಗೆ ಡಾಕ್ಟರ್ ವಿಚಾರಿಸಿದರೆ ಒಳ್ಳೆಯದು, ಅಷ್ಟೇ. ಜೀವಕ್ಕೆ ಅಪಾಯ ಅನ್ನಿಸಿದರೆ ಆಗಲೇ ನರ್ಸ್‌ಗೆ ಹೇಳುತ್ತಾರೆ. ಅದನ್ನು ಪೇಷೆಂಟ್‌ಗೆ ಮೊದಲ ಭೇಟಿಯಲ್ಲೇ ತಿಳಿಸಿರುತ್ತಾರೆ.

ಪಿಜಿ_ಗೋಳು

ಮೈಮೇಲೆ ಬರುವುದಕ್ಕೆ ಐಸಿಡಿ-10ರಲ್ಲಿ (ರೋಗಗಳ ಅಂತರರಾಷ್ಟ್ರೀಯ ಪಟ್ಟಿ) ಎಫ್44.3 ಅಂತ ಕೋಡ್ ಇದೆ. ಅದರಲ್ಲೂ ಧಾರ್ಮಿಕ ಸಂದರ್ಭದಲ್ಲಿ, ಸಮಾಜ ಒಪ್ಪಿದ ರೀತಿಯಲ್ಲಿ ಬಂದರೆ ರೋಗ ಅಲ್ಲ ಅಂತ ಸ್ಪಷ್ಟವಾಗಿ ಇದೆ. ಪರೀಕ್ಷೆಗೆ ಓದಿದ್ದು ಕೊನೆಗೂ ಒಂದು ಕಡೆ ಉಪಯೋಗಕ್ಕೆ ಬಂತು.

ಕಡಲತೀರ

ಅಯ್ಯೋ ನಮ್ಮ ಕಡೆ ಕೋಲ ನೋಡಿದರೆ ಆ ಬ್ರಿಟಿಷ್ ಡಾಕ್ಟರ್ ಇಡೀ ಊರನ್ನೇ ಅಡ್ಮಿಟ್ ಮಾಡುತ್ತಿದ್ದರು.

ತಮಾಷೆ ಬಿಡಿ. ನಮ್ಮ ಉಡುಪಿ ಹತ್ತಿರದ ಕೋಟದಲ್ಲೇ 1970ರ ಆಸುಪಾಸಿನಲ್ಲಿ ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅನ್ನುವ ಇಬ್ಬರು ಸೈಕಿಯಾಟ್ರಿಸ್ಟರು ಮನೆಮನೆ ಸುತ್ತಿ ಅಧ್ಯಯನ ಮಾಡಿದ್ದರು. ಕಪೂರ್ ಆಮೇಲೆ ನಿಮ್ಹಾನ್ಸ್‌ನಲ್ಲಿದ್ದರು. ಮನಸ್ಸಿಗೆ ತೊಂದರೆ ಆದವರು ಯಾರ ಹತ್ತಿರ ಹೋಗುತ್ತಾರೆ ಅಂತ ನೋಡಿದರೆ ವೈದ್ಯರು, ಮಂತ್ರವಾದಿಗಳು, ಮೈಮೇಲೆ ದೇವರು ಬರುವ ಪಾತ್ರಿಗಳು ಎಲ್ಲರೂ ಇದ್ದರು. ಜನ ಒಬ್ಬರನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಹೋಗುವುದಲ್ಲ, ಎಲ್ಲರ ಹತ್ತಿರವೂ ಹೋಗುತ್ತಾರೆ. ನನ್ನ ದೊಡ್ಡಮ್ಮನೂ ಹಾಗೇ. ಬೆಳಗ್ಗೆ ಮಣಿಪಾಲ ಆಸ್ಪತ್ರೆ, ಸಂಜೆ ಪಾತ್ರಿಯ ದರ್ಶನ. ಎರಡು ಕಡೆಯವರಿಗೂ ಇನ್ನೊಂದು ಕಡೆಯದನ್ನು ಹೇಳುತ್ತಿರಲಿಲ್ಲ, ಇಬ್ಬರೂ ಬೈಯುತ್ತಾರೆ ಅಂತ.

ಬಿಸಿಲುನಾಡು

ನಿಮ್ಮದೆಲ್ಲಾ ಚಂದದ ಕಥೆ. ನಮ್ಮ ಕಡೆ ಬನ್ನಿ. ಗಾಣಗಾಪುರದ ದತ್ತ ದೇವಸ್ಥಾನದಲ್ಲಿ ಮಧ್ಯಾಹ್ನದ ಮಹಾಮಂಗಳಾರತಿ ಹೊತ್ತಿಗೆ ಕಂಬ ಹಿಡಿದು, ಕಿಟಕಿ ಸರಳು ಹತ್ತಿ ಕಿರುಚುವವರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಕೆಲವರಿಗೆ ಸಮಾಧಾನ ಆಗುತ್ತೆ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಚಿಕ್ಕಪ್ಪನನ್ನು ಒಂದೂವರೆ ವರ್ಷ ಗುಡಿ, ದರ್ಗಾ, ಮಠ ಅಂತ ಸುತ್ತಿಸಿದರು. ಆಸ್ಪತ್ರೆಗೆ ತಂದಾಗ ಮನುಷ್ಯ ಅರ್ಧ ಆಗಿದ್ದ. ಮಾತ್ರೆ ಶುರು ಮಾಡಿ ಎರಡು ತಿಂಗಳಿಗೆ ಮತ್ತೆ ಹೊಲಕ್ಕೆ ಹೋದ. ಆ ಒಂದೂವರೆ ವರ್ಷ ಯಾರು ವಾಪಸ್ ಕೊಡುತ್ತಾರೆ?

ಡಾಕ್ಟರುಗಳಿಗೆ ದೇವರ ಕಡೆಯವರನ್ನು ಕಂಡರೆ ಸಿಟ್ಟು ಬರುವುದು ಸುಮ್ನೆ ಅಲ್ಲ. ಅವರು ದಿನಾ ಇಂಥವರನ್ನೇ ನೋಡುವುದು.

ತರ್ಕಬದ್ಧ

ಇದು ಮಾತು. ಎರವಾಡಿ ಮರೆತುಹೋಯಿತಾ ಎಲ್ಲರಿಗೂ? 2001ರ ಆಗಸ್ಟ್ 6. ತಮಿಳುನಾಡಿನ ಆ ದರ್ಗಾ ಊರಲ್ಲಿ ಗುಡಿಸಲಿಗೆ ಬೆಂಕಿ ಬಿತ್ತು. ಕಾಲಿಗೆ ಸರಪಳಿ ಹಾಕಿದ್ದರಿಂದ ಓಡಲಾಗದೆ 28 ಜನ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ಕೇಸು ಕೈಗೆತ್ತಿಕೊಂಡಿತು.

ಮೇಷ್ಟ್ರು_ನಿವೃತ್ತ

ಎರವಾಡಿಯಲ್ಲಿ ಸರಪಳಿ ಹಾಕಿದ್ದು ದರ್ಗಾ ಅಲ್ಲ, ಸುತ್ತಮುತ್ತ ದುಡ್ಡಿಗೆ ಮನೆ ನಡೆಸುತ್ತಿದ್ದ ಖಾಸಗಿಯವರು. ಆ ವ್ಯತ್ಯಾಸ ಇರಲಿ.

ತರ್ಕಬದ್ಧ

ಸತ್ತವರಿಗೆ ಆ ವ್ಯತ್ಯಾಸ ತಿಳಿಯಲಿಲ್ಲ ಸರ್.

ಕರಿಕೋಟು

ಈಗಿನ ಕಾಯ್ದೆಯ 95ನೇ ಸೆಕ್ಷನ್‌ನಲ್ಲಿ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದ್ದಾರೆ. ಅರಿವಳಿಕೆ ಇಲ್ಲದೆ ಇಸಿಟಿ ಕೊಡುವುದನ್ನೂ ಅದೇ ಸೆಕ್ಷನ್ ನಿಷೇಧಿಸುತ್ತದೆ. ಗುಡಿಯ ಕಡೆಯ ತಪ್ಪು, ಆಸ್ಪತ್ರೆಯ ಕಡೆಯ ತಪ್ಪು ಎರಡೂ ಒಂದೇ ಪುಟದಲ್ಲಿ. ಓದಿದಾಗಲೆಲ್ಲ ನನಗೆ ಇದು ತಮಾಷೆಯಾಗಿ ಕಾಣುತ್ತದೆ.

ಓದುಗ_ಬಡಪಾಯಿ

ದೇವಸ್ಥಾನದಲ್ಲಿ ಇದ್ದು ಹುಷಾರಾಗುತ್ತಾರೆ ಅಂತ ನಿಮ್ಹಾನ್ಸ್‌ನವರೇ ಬರೆದಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜವಾ, ಸುಳ್ಳಾ?

ಥೇಮ್ಸ್_ದಂಡೆ

ಅರ್ಧ ನಿಜ. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರ ಲೇಖನ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ತಮಿಳುನಾಡಿನ ಒಂದು ಮುತ್ತುಸ್ವಾಮಿ ಗುಡಿಯಲ್ಲಿ ಉಳಿದುಕೊಂಡ 31 ಜನರನ್ನು ನೋಡಿದ್ದರು. ಸರಾಸರಿ 6 ವಾರ ಇದ್ದರು. ಮಾತ್ರೆ ಇಲ್ಲ, ವಿಶೇಷ ಪೂಜೆಯೂ ಇಲ್ಲ. ಜೊತೆಗೆ ಮನೆಯವರು, ಬೆಳಗ್ಗೆ ಎದ್ದು ಗಿಡಕ್ಕೆ ನೀರು, ಗುಡಿ ಕೆಲಸ, ಹೊಡೆತ ಬಡಿತ ಇಲ್ಲ. ರೋಗಲಕ್ಷಣದ ಅಂಕ ಸುಮಾರು 20 ಪ್ರತಿಶತ ಇಳಿದಿತ್ತು. ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಹಾಗಾಗಿ "ಗುಡಿ ಸಾಕು, ಮಾತ್ರೆ ಬೇಡ" ಅಂತ ವಾಟ್ಸಾಪ್ ಹೇಳಿದರೆ ಅದು ಸುಳ್ಳು. ಕೂಗಾಟ ಇಲ್ಲದ ಜಾಗ, ಮರ್ಯಾದೆ, ಜೊತೆಗೆ ಒಬ್ಬರು ಇದ್ದರೆ ಮನುಷ್ಯ ಸುಧಾರಿಸುತ್ತಾನೆ ಅನ್ನುವ ಮಟ್ಟಿಗೆ ನಿಜ.

ಆಸ್ಪತ್ರೆ_ಸೋದರಿ

ಜೊತೆಗೆ ಇರುವುದು ಅಂದರೆ ನಮ್ಮ ಕೆಲಸದ ಮುಕ್ಕಾಲು ಪಾಲು ಅದೇ.

ಎರಡೂ ಕಡೆಯವರು ಕೈ ಜೋಡಿಸಿದ ಉದಾಹರಣೆಗಳೂ ಇವೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ದವಾ-ದುವಾ (ಔಷಧಿ, ಪ್ರಾರ್ಥನೆ ಎರಡೂ) ಅಂತ ಶುರು ಮಾಡಿದರು. ದರ್ಗಾ ನೋಡಿಕೊಳ್ಳುವ ಮುಜಾವರರೇ ಜನರನ್ನು ಪಕ್ಕದ ಕ್ಲಿನಿಕ್ಕಿಗೆ ಕಳಿಸುತ್ತಾರೆ. ದುವಾ ಆಯಿತು, ಈಗ ದವಾ ತೊಗೊಳ್ಳಿ ಅಂತ. ಆಮೇಲೆ ಎರವಾಡಿಯಲ್ಲೂ ಅದೇ ಥರ ಕ್ಲಿನಿಕ್ ಬಂತು. ಮುಜಾವರ್ ಹೇಳಿದರೆ ಮಾತ್ರೆ ನುಂಗುತ್ತಾರೆ, ಡಾಕ್ಟರ್ ಹೇಳಿದರೆ ಅನುಮಾನ ಪಡುತ್ತಾರೆ. ಇದು ಡಾಕ್ಟರಿಗೆ ಬೇಜಾರಿನ ವಿಷಯ ಇರಬಹುದು, ಆದರೆ ಪೇಷೆಂಟಿಗೆ ಲಾಭ.

ತರ್ಕಬದ್ಧ

ದವಾ-ದುವಾ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ಅಲ್ಲಿ ಜನ ಮೊದಲೇ ದರ್ಗಾಕ್ಕೆ ಹೋಗಿರುತ್ತಾರೆ, ಡಾಕ್ಟರ್ ಅಲ್ಲಿಗೆ ಹೋಗಿದ್ದಾರೆ. ಆಸ್ಪತ್ರೆಗೆ ದೇವರು ಬರುವುದು ಬೇರೆ. ಅಷ್ಟೇ ನಾನು ಹೇಳುತ್ತಿರುವುದು.

ಕೆಂಪುಮಣ್ಣು

ದೇವರು ಪೇಷೆಂಟ್ ಜೊತೆಗೇ ಆಂಬುಲೆನ್ಸ್‌ನಲ್ಲಿ ಬಂದಿರುತ್ತಾನಲ್ಲ ಗುರುವೇ. ತಲೆದಿಂಬಿನ ಕೆಳಗೆ ಕುಂಕುಮ ಇತ್ತಲ್ಲ.

ಮೆಡಿಕಲ್_ಶಾಪ್

ಫಾರ್ಮಸಿಸ್ಟ್. ಇಷ್ಟು ಹೊತ್ತು ಓದುತ್ತಾ ಒಂದೇ ವಿಷಯ ತಲೆಯಲ್ಲಿ ಓಡುತ್ತಿದೆ. ಆ ಅಮ್ಮನಿಗೆ ಲಿಥಿಯಂ (ಮನಸ್ಸಿನ ಏರುಪೇರಿಗೆ ಕೊಡುವ ಮಾತ್ರೆ) ಕೊಡುತ್ತಿದ್ದಾರಾ? ಊಟ ನೀರು ಬಿಟ್ಟವರಿಗೆ ಲಿಥಿಯಂ ರಕ್ತದಲ್ಲಿ ಏರಿಬಿಡುತ್ತದೆ. ಕೈ ನಡುಕ, ವಾಂತಿ, ತೊದಲು ಶುರುವಾದರೆ ಅಪಾಯ. ರಂಜಾನ್, ಏಕಾದಶಿ, ಲೆಂಟ್, ಶಬರಿಮಲೆ ವ್ರತ, ಎಲ್ಲ ಹೊತ್ತಲ್ಲೂ ಅಂಗಡಿಗೆ ಬಂದವರಿಗೆ ನಾನು ಇದನ್ನೇ ಹೇಳುವುದು. "ನೀರೂ ಕುಡಿಯದ ಉಪವಾಸನಾ? ಡಾಕ್ಟರನ್ನು ಕೇಳಿದ್ದೀರಾ?" ಅರ್ಧ ಜನ ಕೇಳಿರುವುದಿಲ್ಲ. ಕೇಳಿದರೆ ಉಪವಾಸ ಬೇಡ ಅಂತಾರೆ ಅಂತ ಭಯ.

ಚಾಪ್ಲಿನ್‌ಗೆ ಲಿಥಿಯಂ ಗೊತ್ತಿಲ್ಲ, ಡಾಕ್ಟರಿಗೆ ಹರಕೆ ಗೊತ್ತಿಲ್ಲ. ಸಾಯುವುದು ನಡುವೆ ಇರುವವರು.

ವಾರ್ಡ್_ಸಿಸ್ಟರ್

@ಮೆಡಿಕಲ್_ಶಾಪ್ ಲಿಥಿಯಂ ಇಲ್ಲ ಅಣ್ಣ, ಬೇರೆ ಮಾತ್ರೆ. ಆದರೆ ನೀವು ಹೇಳಿದ್ದು ಓದಿ ಮೈ ಜುಂ ಅಂತು. ಪಕ್ಕದ ಮಂಚದವರು ಲಿಥಿಯಂ ಮೇಲಿದ್ದಾರೆ, ಅವರಿಗೆ ಸೋಮವಾರದ ಉಪವಾಸ ಇದೆ. ನಾಳೆ ಬೆಳಗ್ಗೆ ಮೊದಲ ಕೆಲಸ ಅದೇ.

ತಿಂಡಿಪೋತ

ಒಂದು ಚರ್ಚೆಯಿಂದ ಆಗಲೇ ಒಬ್ಬರ ಜೀವ ಉಳಿಯಿತು. ನಾನು ಬಂದಿದ್ದು ಮೀಸೆ ಜೋಕ್ ಹೊಡೆಯಲು. ಅಂದ ಹಾಗೆ ಚಾಪ್ಲಿನ್‌ಗೆ ಕನ್ನಡದಲ್ಲಿ ಏನಂತಾರೆ?

ಮೇಷ್ಟ್ರು_ನಿವೃತ್ತ

ಕ್ಯಾಥೊಲಿಕರು ಫಾದರ್, ಸ್ವಾಮಿ ಅಂತಾರೆ. ಧಾರವಾಡ, ಮಂಗಳೂರು ಕಡೆ ಬಾಸೆಲ್ ಮಿಷನ್ ಪರಂಪರೆಯವರು ಅಯ್ಯನವರು ಅಂತಾರೆ, ಸಭಾಪಾಲಕರು ಅಂತಾರೆ. ಅದು ಚರ್ಚಿಗೆ. ಆಸ್ಪತ್ರೆಯಲ್ಲಿ ಕೂತು ಕೇಳಿಸಿಕೊಳ್ಳುವ ಕೆಲಸಕ್ಕೆ ನಮ್ಮಲ್ಲಿ ಪ್ರತ್ಯೇಕ ಹೆಸರು ನಾನು ಕಂಡಿಲ್ಲ. ಆಪ್ತ ಸಮಾಲೋಚಕ ಅಂದರೆ ಕೌನ್ಸೆಲರ್ ಆಗಿಬಿಡುತ್ತೆ.

ಕಡಲತೀರ

"ಸ್ಟೂಲ್ ಅಯ್ಯನವರು" ಅಂತ ಇಡಿ. ಸಿಸ್ಟರ್ ಬರೆದಿದ್ದರಲ್ಲ, ಸ್ಟೂಲ್ ಎಳೆದುಕೊಂಡು ಕೂರುತ್ತಾರೆ ಅಂತ.

ಹೊಲದ_ದಾರಿ

ನಾನು ಏನೂ ಓದಿದವಳಲ್ಲ. ಒಂದು ಮಾತು. ಹೇಳಬೇಕೋ ಬೇಡವೋ ಅಂತ ಆ ಅಮ್ಮನನ್ನೇ ಕೇಳಬಹುದಿತ್ತಲ್ವಾ?

ಪಿಜಿ_ಗೋಳು

...

ಕರಿಕೋಟು

ನಾನು ಎರಡು ಸೆಕ್ಷನ್ ಬರೆದೆ, ಇದನ್ನು ಬರೆಯಲಿಲ್ಲ.

ಥೇಮ್ಸ್_ದಂಡೆ

@ಹೊಲದ_ದಾರಿ ಅಕ್ಕ, ಇಲ್ಲಿ ನಮಗೆ ಇದಕ್ಕೆ ಅಂತ ತರಬೇತಿ ಕೊಡುತ್ತಾರೆ, ಫಾರಂ ತುಂಬಿಸುತ್ತಾರೆ. ಆದರೂ ಅರ್ಧ ಸಲ ಮರೆಯುತ್ತೇವೆ.

ಬಿಸಿಲುನಾಡು

ತೀವ್ರ ಡಿಪ್ರೆಶನ್‌ನಲ್ಲಿ ಇರುವವರು ಏನಂತ ಉತ್ತರ ಕೊಡುತ್ತಾರೆ? "ಏನಾದರೂ ಮಾಡಿಕೊಳ್ಳಿ, ನಾನು ಸತ್ತರೆ ಸಾಕು" ಅಂತಾರೆ. ನನ್ನ ಚಿಕ್ಕಪ್ಪ ಹಾಗೇ ಅನ್ನುತ್ತಿದ್ದ. ಅಷ್ಟು ಸುಲಭ ಅಲ್ಲ.

ಆಸ್ಪತ್ರೆ_ಸೋದರಿ

ಸುಲಭ ಅಲ್ಲ, ನಿಜ. ಆದರೆ ಒಂದೇ ಸಲ ಕೇಳಿ ಬಿಡುವುದಲ್ಲ. ಗಂಜಿ ಕುಡಿಯುವ ಹೊತ್ತಲ್ಲಿ ಕೇಳಬೇಕು. ಪೂರ್ತಿ ವಿಷಯ ಹೇಳಲಾ ಅಂತಲ್ಲ, "ಇಷ್ಟು ಮಾತ್ರ ಡಾಕ್ಟರಿಗೆ ಹೇಳಲಾ" ಅಂತ. ಜನ ಸಾಮಾನ್ಯವಾಗಿ ಇಷ್ಟಕ್ಕೆ ಒಪ್ಪುತ್ತಾರೆ. ಇನ್ನೊಂದು ಕಿವಿಮಾತು ಸಿಸ್ಟರ್, ಹರಕೆ ಬಿಡಿಸಲು ಹೋಗಬೇಡಿ. ಹರಕೆಯನ್ನು ಮುಂದಕ್ಕೆ ಹಾಕಲು, ಬದಲಿಸಲು ಅವರ ಊರ ಪೂಜಾರಿಯನ್ನೇ ಕೇಳಬಹುದು. ಕಾಯಿಲೆಯವರಿಗೆ ವಿನಾಯಿತಿ ಎಲ್ಲ ಕಡೆಯೂ ಇರುತ್ತದೆ. ಆ ಮಾತು ಡಾಕ್ಟರ್ ಬಾಯಿಂದಲೂ ಬೇಡ, ಫಾದರ್ ಬಾಯಿಂದಲೂ ಬೇಡ. ಪೂಜಾರಪ್ಪನ ಬಾಯಿಂದ ಬರಲಿ.

ನೇರನುಡಿ

ಇದನ್ನು ನಾನೂ ಒಪ್ಪುತ್ತೇನೆ.

ವಾರ್ಡ್_ಸಿಸ್ಟರ್ (9 ದಿನದ ನಂತರ)

ಕೆಲವರು ಮೆಸೇಜ್ ಮಾಡಿ ಏನಾಯಿತು ಅಂತ ಕೇಳಿದ್ದೀರಿ. ಬರೆಯುತ್ತೇನೆ.

ಅಮ್ಮನನ್ನು ನಾನೇ ಕೇಳಿದೆ, ರಾತ್ರಿ ಡ್ಯೂಟಿಯಲ್ಲಿ. ಎರಡು ರಾತ್ರಿ ಉತ್ತರ ಇಲ್ಲ. ಮೂರನೇ ರಾತ್ರಿ "ಹರಕೆದು ಹೇಳವ್ವ. ಇನ್ನೊಂದು ಬ್ಯಾಡ" ಅಂದರು. ನಮ್ಮ ನರ್ಸಿಂಗ್ ಇನ್‌ಚಾರ್ಜ್ ಗಟ್ಟಿ ಹೆಂಗಸು. ಡಾಕ್ಟರ್ ಹತ್ತಿರ ಹೋಗಿ "ಸರ್, ರೆಫರಲ್ ನೀವು ಬರೆಯುತ್ತೀರಾ, ನಾನು ಬರೆದು ತರಲಾ, ಸಹಿ ಹಾಕುತ್ತೀರಾ?" ಅಂತ ಕೇಳಿದರು. ಡಾಕ್ಟರ್ ಸಹಿ ಹಾಕಿದರು. ಮುಖ ನೋಡುವ ಹಾಗಿರಲಿಲ್ಲ.

ಊರಿಂದ ಅಮ್ಮನ ತಮ್ಮ ಬಂದರು. ಪೂಜಾರಪ್ಪನ ಹತ್ತಿರ ಫೋನ್ ಮಾಡಿಸಿದರು. ಸ್ಪೀಕರ್ ಹಾಕಿದ್ದರಿಂದ ಇಡೀ ವಾರ್ಡ್ ಕೇಳಿತು. "ಆಸ್ಪತ್ರೇಲಿ ಇರೋರಿಗೆ ಹರಕೆ ಲೆಕ್ಕ ಇಲ್ಲ ತಾಯಿ, ಹುಷಾರಾಗಿ ಬಂದು ತೀರಿಸು" ಅಂದರು. ಅಮ್ಮ ಆವತ್ತೇ ತಿಂದರು ಅಂತ ಬರೆಯಲು ಆಸೆ, ಆದರೆ ತಿನ್ನಲಿಲ್ಲ. ಇಸಿಟಿ ಶುರುವಾಗಿದೆ, ಎರಡು ಆಗಿದೆ. ನಿನ್ನೆ ರಾಗಿ ಗಂಜಿ, ಇವತ್ತು ಅರ್ಧ ಇಡ್ಲಿ. ಯಾವುದರಿಂದ ಅಂತ ನನ್ನನ್ನು ಕೇಳಬೇಡಿ.

ಪಿಜಿ_ಗೋಳು

ಇಸಿಟಿ.

ಮೇಷ್ಟ್ರು_ನಿವೃತ್ತ

ಪೂಜಾರಪ್ಪ.

ಕೆಂಪುಮಣ್ಣು

ಕೇಳಬೇಡಿ ಅಂದರಲ್ಲ!

ಮೆಡಿಕಲ್_ಶಾಪ್

ಪಕ್ಕದ ಮಂಚದವರ ಲಿಥಿಯಂ ಲೆವೆಲ್ ನೋಡಿದಿರಾ?

ವಾರ್ಡ್_ಸಿಸ್ಟರ್

@ಮೆಡಿಕಲ್_ಶಾಪ್ ನೋಡಿದರು, ಸರಿಯಾಗಿದೆ. ಸೋಮವಾರ ನೀರು, ಮಜ್ಜಿಗೆ ಬಿಡದೆ ಕುಡಿಯುತ್ತಾರಂತೆ.

ಇನ್ನೊಂದು ಹೇಳುವುದು ಮರೆತೆ. ನರ್ಸಿಂಗ್ ಸ್ಟೇಷನ್‌ನಲ್ಲಿ ಒಂದು ರೂಲ್ಡ್ ನೋಟ್‌ಬುಕ್ ಇಟ್ಟಿದ್ದೇವೆ. ಫಾದರ್ ಬಂದಾಗ ಎರಡು ಸಾಲು ಬರೆಯಬೇಕು, ಡಾಕ್ಟರ್ ನೋಡಬೇಕು. ಇಬ್ಬರೂ ಇನ್ನೂ ಮಾತಾಡಿಲ್ಲ. ಒಬ್ಬರು ಲಿಫ್ಟ್‌ನಲ್ಲಿ ಇದ್ದರೆ ಇನ್ನೊಬ್ಬರು ಮೆಟ್ಟಿಲು ಹತ್ತುತ್ತಾರೆ. ಆದರೆ ಮೊನ್ನೆ ಫಾದರ್ "7ನೇ ಬೆಡ್, ಮನೆಗೆ ಹೋಗಲು ಭಯ ಇದೆ, ಗಂಡ ಬಂದಾಗ ವಿಚಾರಿಸಿದರೆ ಒಳ್ಳೆಯದು, ಅವರ ಒಪ್ಪಿಗೆ ಇದೆ" ಅಂತ ಬರೆದಿದ್ದರು. ಕೆಳಗೆ ಡಾಕ್ಟರ್ ಕೈಬರಹದಲ್ಲಿ "ಸೀನ್" (ನೋಡಿದ್ದೇನೆ) ಅಂತ ಇದೆ.

ಆಸ್ಪತ್ರೆ_ಸೋದರಿ

ನನಗೆ ಆ "ಸೀನ್" ಸಿಗಲು ನಾಲ್ಕು ವರ್ಷ ಬೇಕಾಯಿತು.

ಪಿಜಿ_ಗೋಳು

ಡಾಕ್ಟರ್ ಕೈಬರಹ ಓದಲು ಬಂತಾ? ಅದೇ ಪವಾಡ.